ಬ್ರೂವರಿ ನೋಡಲು ಹೋದ ಮಕ್ಕಳು: ಮನೆಯವರ ಬಳಿ ಉತ್ತರ ಇರಬೇಕು

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಜೈನ ಮನೆಗಳಲ್ಲಿ ಒಬ್ಬ ಮಗನಾಗಲಿ ಮಗಳಾಗಲಿ ಬೆಂಗಳೂರಿನಲ್ಲಿ ಓದುತ್ತಿರುವುದು ಅಥವಾ ನೌಕರಿಯಲ್ಲಿರುವುದು ಈಗ ಸಾಮಾನ್ಯ ಸಂಗತಿ. ಶನಿವಾರ ರಾತ್ರಿ ಮನೆಯ ಮೊಬೈಲಿಗೆ ಒಂದು ಫೋಟೋ ಬರುತ್ತದೆ. ಹಿಂದೆ ಹೊಳೆಯುವ ದೊಡ್ಡ ಉಕ್ಕಿನ ಪಾತ್ರೆಗಳು, ಪಕ್ಕದಲ್ಲಿ ಸಾಲಾಗಿ ಇಟ್ಟ ಮರದ ಪೀಪಾಯಿಗಳು, ಮುಂದೆ ಹಲಗೆಯ ಮೇಲೆ ಐದಾರು ಸಣ್ಣ ಗ್ಲಾಸುಗಳು. ಇದು ಎಲ್ಲಿ ಎಂದು ತಾಯಿ ಕೇಳಿದರೆ, ಆಫೀಸಿನವರೆಲ್ಲ ಬ್ರೂವರಿ ನೋಡಲು ಹೋಗಿದ್ದೆವು ಎಂಬ ಉತ್ತರ. ಕುಡಿದೆಯಾ ಎಂದು ಕೇಳಲು ತಾಯಿಗೆ ಬಾಯಿ ಬರುವುದಿಲ್ಲ. ಇಲ್ಲ ಎಂದು ತಾನಾಗಿ ಹೇಳಲು ಮಗನಿಗೆ ತೋಚುವುದಿಲ್ಲ. ಮಾತು ಅಲ್ಲಿಗೆ ನಿಲ್ಲುತ್ತದೆ. ಮುಂದಿನ ಸಲ ಫೋಟೋ ಬರುವುದೇ ಇಲ್ಲ.

ಸಮಾಜ ಯೋಚಿಸಬೇಕಾದದ್ದು ಈ ಮೌನದ ಬಗ್ಗೆ. ಹಳೆಯ ಕಾಲದ ಸಾರಾಯಿ ಅಂಗಡಿಯ ಮುಂದೆ ನಿಂತ ಹುಡುಗನಿಗೆ ಅದು ತಪ್ಪು ಎಂದು ತಾನಾಗಿಯೇ ಗೊತ್ತಿತ್ತು. ಈಗಿನ ಬ್ರೂವರಿ ಹಾಗೆ ಕಾಣುವುದಿಲ್ಲ. ಅದು ಒಂದು ಕಲೆ, ಒಂದು ವಿಜ್ಞಾನ, ಒಂದು ಪ್ರವಾಸದ ಸ್ಥಳ ಎಂಬ ವೇಷದಲ್ಲಿ ಬರುತ್ತದೆ. ಅದಕ್ಕೆ ಬರೀ ಬೇಡ ಎಂಬ ಉತ್ತರ ಸಾಲುವುದಿಲ್ಲ. ಯಾಕೆ ಬೇಡ ಎಂಬುದನ್ನು ತಿಳಿದು ಹೇಳಬೇಕು.

ಬೆಂಗಳೂರಿನಲ್ಲಿ ಬೆಳೆದದ್ದು ಹೇಗೆ

ಕರ್ನಾಟಕದಲ್ಲಿ 2007ರ ಜುಲೈಯಿಂದ ಸಾರಾಯಿ ನಿಷೇಧವಾಯಿತು. ಹಳ್ಳಿಯ ಹೆಣ್ಣುಮಕ್ಕಳು ಅಂದು ನಿಟ್ಟುಸಿರು ಬಿಟ್ಟರು. ಅದಾಗಿ ಮೂರು ನಾಲ್ಕು ವರ್ಷಗಳಲ್ಲೇ, 2010-11ರ ಹೊತ್ತಿಗೆ, ಬೆಂಗಳೂರಿನಲ್ಲಿ ಮೈಕ್ರೋ ಬ್ರೂವರಿಗಳು ಆರಂಭವಾದವು. ಅಂದರೆ ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಹೋಟೆಲುಗಳು. ಇಂದಿರಾನಗರದ ಟಾಯ್ಟ್, ವಿಠ್ಠಲ ಮಲ್ಯ ರಸ್ತೆ ಭಾಗದ ದಿ ಬಿಯರ್ ಕ್ಲಬ್ ಮೊದಲ ಸಾಲಿನವು. ಅಮೆರಿಕದ ಮಿಷಿಗನ್ ರಾಜ್ಯದ ಮೂಲದ ಆರ್ಬರ್ ಬ್ರೂಯಿಂಗ್ ಕಂಪನಿ 2012ರಲ್ಲಿ ಬಂತು. ಇಂದು ಅವು ಹತ್ತಾರು ಆಗಿವೆ. ಮಂಗಳೂರಿನಂಥ ಊರುಗಳಿಗೂ ಈ ಪದ್ಧತಿ ಹೋಗಿದೆ.

ಇನ್ನೊಂದು ಕಡೆ ಸರ್ಕಾರದ ಲೆಕ್ಕ ನೋಡಬೇಕು. 2024-25ರ ರಾಜ್ಯ ಬಜೆಟ್ಟಿನಲ್ಲಿ ಅಬಕಾರಿಯಿಂದ 38,525 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಡಲಾಗಿತ್ತು. 2025-26ಕ್ಕೆ ಅದು 40,000 ಕೋಟಿಗೆ ಏರಿತು. ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ 2023ರ ಜುಲೈಯಲ್ಲಿ ಶೇಕಡಾ 175ರಿಂದ 185ಕ್ಕೆ ಹೋಯಿತು, 2025ರ ಜನವರಿಯಲ್ಲಿ 195ಕ್ಕೆ ಹೋಯಿತು. ಸಂವಿಧಾನದ 47ನೇ ವಿಧಿ ಮಾದಕ ಪಾನೀಯಗಳ ನಿಷೇಧಕ್ಕೆ ಸರ್ಕಾರ ಪ್ರಯತ್ನಿಸಬೇಕು ಎನ್ನುತ್ತದೆ. ಖಜಾನೆಯ ಗುರಿ ಬೇರೆ ದಾರಿಯಲ್ಲಿ ನಡೆದಿದೆ. ಯಾವ ಪಕ್ಷ ಬಂದರೂ ಇದು ಬದಲಾಗಿಲ್ಲ. ಆದ್ದರಿಂದ ಸರ್ಕಾರ ತಡೆಯುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ತಡೆ ಇದ್ದರೆ ಅದು ಮನೆಯೊಳಗೆ ಮಾತ್ರ.

ಹುಳಿ ಬಿಯರ್, ಪೀಪಾಯಿ ಬಿಯರ್ ಎಂದರೇನು

ಮಕ್ಕಳು ನೋಡಿ ಬರುವುದು ಏನು ಎಂಬುದು ಹಿರಿಯರಿಗೂ ಗೊತ್ತಿರಬೇಕು. ಗೊತ್ತಿಲ್ಲದೆ ಬುದ್ಧಿ ಹೇಳಿದರೆ ಮಕ್ಕಳು ಒಳಗೇ ನಗುತ್ತಾರೆ.

ಸಾಮಾನ್ಯ ಬಿಯರಿಗೆ ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸುತ್ತಾರೆ. ಅದನ್ನು ಒಡೆದು ಬಿಸಿನೀರಿನಲ್ಲಿ ಇಟ್ಟಾಗ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿನೀರನ್ನು ಹಾಪ್ಸ್ ಎಂಬ ಕಹಿ ಹೂವಿನೊಂದಿಗೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಗಾಳಿಗುಳ್ಳೆಗಳನ್ನು ಹೊರಬಿಡುತ್ತದೆ. ಇಷ್ಟೇ ಇದರ ಮೂಲ.

ಈಗ ಫ್ಯಾಷನ್ ಆಗಿರುವುದು ಎರಡು ವಿಶೇಷ ಬಗೆಗಳು. ಒಂದು ಹುಳಿ ಬಿಯರ್. ಇದರಲ್ಲಿ ಯೀಸ್ಟಿನ ಜೊತೆಗೆ ಲ್ಯಾಕ್ಟೋಬ್ಯಾಸಿಲಸ್, ಪೀಡಿಯೋಕಾಕಸ್ ಎಂಬ ಬ್ಯಾಕ್ಟೀರಿಯಾಗಳನ್ನೂ, ಬ್ರೆಟನೋಮೈಸೀಸ್ ಎಂಬ ಕಾಡು ಯೀಸ್ಟನ್ನೂ ಬೆಳೆಯಲು ಬಿಡುತ್ತಾರೆ. ಹುಳಿ ಬರುವುದು ಅವುಗಳಿಂದ. ಇನ್ನೊಂದು ಪೀಪಾಯಿಯಲ್ಲಿ ಹಳೆಯದು ಮಾಡಿದ ಬಿಯರ್. ಮೊದಲು ವಿಸ್ಕಿ ಅಥವಾ ವೈನ್ ತುಂಬಿದ್ದ ಓಕ್ ಮರದ ಪೀಪಾಯಿಯಲ್ಲಿ ಅದನ್ನು ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಇಡುತ್ತಾರೆ. ಮರದಲ್ಲಿ ಇಂಗಿದ್ದ ಮದ್ಯ ಬಿಯರಿಗೆ ಇಳಿಯುತ್ತದೆ. ಮಾಮೂಲಿ ಬಿಯರಿನಲ್ಲಿ ಆಲ್ಕೋಹಾಲ್ ಶೇಕಡಾ 5ರ ಸುಮಾರು ಇದ್ದರೆ ವಿದೇಶದ ಪೀಪಾಯಿ ಬಿಯರುಗಳಲ್ಲಿ ಶೇಕಡಾ 10ನ್ನು ದಾಟುವುದು ಸಾಮಾನ್ಯ. ಗ್ಲಾಸು ಸಣ್ಣದು, ಆದರೆ ಒಳಗಿನ ಸರಕು ಸಣ್ಣದಲ್ಲ.

ಹುಳಿ ಬಿಯರಿನ ತವರು ಬೆಲ್ಜಿಯಂ. ಬ್ರಸೆಲ್ಸ್ ನಗರದಲ್ಲಿ 1900ರಲ್ಲಿ ಆರಂಭವಾದ ಕ್ಯಾಂಟಿಯಾನ್ ಎಂಬ ಬ್ರೂವರಿ ಇದೆ. 1978ರಿಂದ ಅದು ವಸ್ತುಸಂಗ್ರಹಾಲಯವೂ ಆಗಿದೆ. ಜಗತ್ತಿನ ಎಲ್ಲ ಕಡೆಯಿಂದ ಜನ ನೋಡಲು ಬರುತ್ತಾರೆ. ಅಲ್ಲಿ ಕುದಿಸಿದ ರಸವನ್ನು ಅಟ್ಟದ ಮೇಲಿನ ಅಗಲವಾದ ತಾಮ್ರದ ತೊಟ್ಟಿಗೆ ಸುರಿದು ಚಳಿಗಾಲದ ರಾತ್ರಿಯಿಡೀ ತೆರೆದೇ ಬಿಡುತ್ತಾರೆ. ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳು ತಾವಾಗಿ ಬಂದು ಬೀಳಲಿ ಎಂಬುದೇ ಉದ್ದೇಶ. ಬಳಿಕ ಆ ರಸ ಒಂದರಿಂದ ಮೂರು ವರ್ಷ ಪೀಪಾಯಿಯಲ್ಲಿ ಇರುತ್ತದೆ. ಹಣ್ಣಿನ ವಾಸನೆಗೆ ನೊಣ, ಹುಳುಗಳು ಮುತ್ತುವುದರಿಂದ ಅವುಗಳನ್ನು ಹಿಡಿಯಲಿ ಎಂದು ಜೇಡರ ಬಲೆಗಳನ್ನು ತೆಗೆಯದೆ ಹಾಗೇ ಬಿಡುವುದು ಅಲ್ಲಿಯ ರೂಢಿ. ನೋಡಲು ಹೋದವರಿಗೆ ಇದನ್ನು ಹೆಮ್ಮೆಯಿಂದ ತೋರಿಸುತ್ತಾರೆ.

ಬ್ರೂವರಿಯ ಮಾತು, ಶಾಸ್ತ್ರದ ಮಾತು

ಜೈನ ಓದುಗರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಶ್ರಾವಕನಿಗೆ ಮದ್ಯ, ಮಾಂಸ, ಮಧು ಈ ಮೂರೂ ವರ್ಜ್ಯ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಮೂರರ ತ್ಯಾಗ ಮತ್ತು ಐದು ಅಣುವ್ರತಗಳು ಸೇರಿ ಎಂಟು ಮೂಲಗುಣಗಳಾಗಿವೆ. ಅಮೃತಚಂದ್ರಾಚಾರ್ಯರ ಪುರುಷಾರ್ಥ ಸಿದ್ಧ್ಯುಪಾಯವು ಮದ್ಯಕ್ಕೆ ಎರಡು ದೋಷಗಳನ್ನು ಹೇಳುತ್ತದೆ. ಮೊದಲನೆಯದು, ಅದು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಗೊಂಡವನು ಧರ್ಮವನ್ನು ಮರೆತು ಹಿಂಸೆಗೆ ಅಂಜುವುದಿಲ್ಲ. ಎರಡನೆಯದು, ಮದ್ಯವು ರಸದಲ್ಲಿ ಹುಟ್ಟುವ ಅನೇಕ ಜೀವಗಳ ಉತ್ಪತ್ತಿಸ್ಥಾನ, ಅದನ್ನು ಸೇವಿಸಿದರೆ ಅವುಗಳ ಹಿಂಸೆ ತಪ್ಪುವುದಿಲ್ಲ.

ಮೊದಲನೆಯ ಕಾರಣವನ್ನು ಎಲ್ಲ ಧರ್ಮದವರೂ ಹೇಳುತ್ತಾರೆ. ಎರಡನೆಯದು ಜೈನರ ವಿಶೇಷ. ಬಹಳ ಕಾಲ ಅದನ್ನು ಕೇಳಿದ ಕಾಲೇಜು ಹುಡುಗರು, ಸೀಸೆಯೊಳಗೆ ಜೀವ ಎಲ್ಲಿದೆ ಎಂದು ಕೇಳುತ್ತಿದ್ದರು. ಇಂದು ಆ ಪ್ರಶ್ನೆಗೆ ಉತ್ತರ ಬ್ರೂವರಿಯವರೇ ಕೊಡುತ್ತಿದ್ದಾರೆ. ಇದು ಜೀವಂತ ಬಿಯರ್, ಇದರಲ್ಲಿ ಕಾಡು ಯೀಸ್ಟ್ ಇದೆ, ಬ್ಯಾಕ್ಟೀರಿಯಾ ಇದೆ ಎಂಬುದೇ ಅವರ ಪ್ರಚಾರ. ಅವುಗಳ ಹೆಸರುಗಳನ್ನು ಫಲಕದ ಮೇಲೆ ಬರೆಯುತ್ತಾರೆ.

ಸೂಕ್ಷ್ಮದರ್ಶಕದಲ್ಲಿ ಕಾಣುವ ಯೀಸ್ಟ್ ಮತ್ತು ಶಾಸ್ತ್ರದ ರಸಜ ಜೀವ ಎರಡೂ ಒಂದೇ ಎಂದು ಹೇಳಿಬಿಡುವುದು ಅವಸರವಾಗುತ್ತದೆ. ಶಾಸ್ತ್ರದ ವಿಂಗಡಣೆ ಬೇರೆ, ಜೀವಶಾಸ್ತ್ರದ ವಿಂಗಡಣೆ ಬೇರೆ. ಆದರೆ ಕೊಳೆಯುವ, ಹುಳಿಯುವ ರಸ ಜೀವರಹಿತವಲ್ಲ, ಅದರೊಳಗೆ ಹುಟ್ಟು ಸಾವು ನಡೆದಿದೆ ಎಂಬ ಮಾತಿನಲ್ಲಿ ಇಬ್ಬರೂ ಒಂದೇ ಕಡೆ ಇದ್ದಾರೆ. ಉಪಕರಣಗಳಿಲ್ಲದ ಕಾಲದಲ್ಲಿ ಆಚಾರ್ಯರು ಹೇಳಿದ್ದನ್ನು ಮಕ್ಕಳು ಹಾಸ್ಯ ಮಾಡುವ ಕಾರಣವಿಲ್ಲ.

ಇನ್ನೊಂದು ಮಾತು ಚಲಿತರಸ. ತನ್ನ ಸಹಜ ರುಚಿ ಕಳೆದುಕೊಂಡು ತಿರುಗಿದ ಆಹಾರ ಅಭಕ್ಷ್ಯ ಎಂದು ಹಿರಿಯರು ಹೇಳುತ್ತಾರೆ. ಈ ಭಾಗದ ಒಕ್ಕಲುತನದ ಮನೆಗಳಿಗೆ ಇದು ಪುಸ್ತಕದ ಮಾತಲ್ಲ. ಹಗೇವಿಗೆ ನೀರು ಇಳಿದಾಗ ಜೋಳ ಹೇಗೆ ಬಿಸಿಯಾಗಿ ಹುಳಿ ವಾಸನೆ ಬರುತ್ತದೆ ಎಂದು ಹಿಂದಿನವರಿಗೆ ಗೊತ್ತಿತ್ತು. ಅಂಥ ಕಾಳನ್ನು ದನಕ್ಕೆ ಹಾಕಲೂ ಹಿಂದೆ ಮುಂದೆ ನೋಡುತ್ತಿದ್ದರು. ಹುಳಿ ಬಿಯರಿನಲ್ಲಿ ಆ ತಿರುಗುವಿಕೆಯೇ ಗುರಿ, ಅದಕ್ಕೇ ಹೆಚ್ಚು ಬೆಲೆ.

ದ್ವಾರಾವತಿಯ ಕಥೆಯ ಹಳೆಯ ಮದ್ಯ

ಪೀಪಾಯಿಯ ಬಗ್ಗೆ ಕೇಳಿದಾಗ ಜೈನ ಪುರಾಣ ಬಲ್ಲವರಿಗೆ ನೆನಪಾಗುವುದು ದ್ವಾರಾವತಿಯ ನಾಶ. ಕ್ರಿ.ಶ. 783ರಲ್ಲಿ ಜಿನಸೇನಾಚಾರ್ಯರು ರಚಿಸಿದ ಹರಿವಂಶಪುರಾಣದಲ್ಲಿ ಇದು ವಿಸ್ತಾರವಾಗಿ ಬಂದಿದೆ. ಹನ್ನೆರಡು ವರ್ಷದ ಬಳಿಕ ಮದ್ಯದ ಕಾರಣದಿಂದ, ದ್ವೈಪಾಯನನ ಕೋಪದಿಂದ ನಗರ ಸುಡುತ್ತದೆ ಎಂದು ನೇಮಿನಾಥ ಸ್ವಾಮಿಗಳು ಬಲರಾಮನಿಗೆ ಹೇಳುತ್ತಾರೆ. ಯಾದವರು ಊರಿನ ಮದ್ಯವನ್ನೆಲ್ಲ ಬೆಟ್ಟದ ಕಡೆಗೆ ಒಯ್ದು ಚೆಲ್ಲಿಸುತ್ತಾರೆ. ಅದು ಕಲ್ಲಿನ ಕುಳಿಗಳಲ್ಲಿ ನಿಂತುಬಿಡುತ್ತದೆ. ವರ್ಷಗಳು ಕಳೆಯುತ್ತವೆ, ಗಂಡಾಂತರ ದಾಟಿತು ಎಂದು ಜನ ಮೈಮರೆಯುತ್ತಾರೆ. ಆಗ ವನಕ್ರೀಡೆಗೆ ಹೋಗಿ ಬಾಯಾರಿದ ರಾಜಕುಮಾರರು ಅದನ್ನು ನೀರೆಂದು ಕುಡಿದು ಉನ್ಮತ್ತರಾಗಿ ತಪಸ್ಸಿನಲ್ಲಿದ್ದ ದ್ವೈಪಾಯನನನ್ನು ಹಿಂಸಿಸುತ್ತಾರೆ. ಊರು ಉರಿದುಹೋಗುತ್ತದೆ.

ಈ ಕಥೆಯಲ್ಲಿ ಗಮನಿಸಬೇಕಾದ್ದು, ಆ ಹುಡುಗರು ಕುಡಿಯಬೇಕೆಂದು ಹೋದವರಲ್ಲ. ಸ್ನೇಹಿತರೊಂದಿಗೆ ಆಟಕ್ಕೆ ಹೋದವರು. ಹಿರಿಯರು ಮದ್ಯವನ್ನು ಊರಾಚೆ ಚೆಲ್ಲಿ ಕೆಲಸ ಮುಗಿಯಿತು ಎಂದುಕೊಂಡರು. ಮಕ್ಕಳಿಗೆ ತಿಳಿಸಿ ಹೇಳುವ ಕೆಲಸ ಉಳಿದುಹೋಯಿತು. ಇಂದಿನ ಮನೆಗಳ ಸ್ಥಿತಿಯೂ ಅದೇ.

ಈ ಭಾಗದ ನೆಲಕ್ಕೆ ಇಂಥ ಕಥೆಗಳ ನಂಟು ಹಳೆಯದು. ಶಿಗ್ಗಾವಿ ತಾಲ್ಲೂಕಿನ ಬಂಕಾಪುರದಲ್ಲಿ ಲೋಕಾದಿತ್ಯನ ಆಳ್ವಿಕೆಯ ಕಾಲದಲ್ಲಿ, ಶಕ 820ರಲ್ಲಿ, ಅಂದರೆ ಕ್ರಿ.ಶ. 898ರ ಹೊತ್ತಿಗೆ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ನಡೆಯಿತು. ನೇಮಿನಾಥರ ಚರಿತ್ರೆ ಆ ಗ್ರಂಥದಲ್ಲೂ ಇದೆ. ಅದೇ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಗಂಗರ ಮಾರಸಿಂಹನು ಕ್ರಿ.ಶ. 974ರ ಸುಮಾರಿಗೆ ಸಲ್ಲೇಖನ ಸ್ವೀಕರಿಸಿದನು. ಇಂದು ಬಂಕಾಪುರದ ಕೋಟೆಗೆ ನವಿಲು ನೋಡಲು ಹೋಗುವ ಶಾಲಾ ಮಕ್ಕಳಿಗೆ ಇಷ್ಟಾದರೂ ಹೇಳಬೇಕು.

ಮಕ್ಕಳು ಕೇಳುವ ನಾಲ್ಕು ಪ್ರಶ್ನೆಗಳು

ಇಡ್ಲಿ, ದೋಸೆ, ಮೊಸರು ಕೂಡ ಹುದುಗಿದ್ದೇ ಅಲ್ಲವೇ ಎಂಬುದು ಮೊದಲ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದು, ಸಿಟ್ಟು ಮಾಡುವಂಥದ್ದಲ್ಲ. ಇದಕ್ಕೆ ಉತ್ತರ ಕಾಲಮರ್ಯಾದೆ. ಮೊಸರಿಗೂ ಹಿಟ್ಟಿಗೂ ಇಷ್ಟು ಹೊತ್ತು ಎಂಬ ಮಿತಿ ಇದೆ, ವ್ರತಿಗಳು ರಾತ್ರಿ ನೆನೆಸಿಟ್ಟ ಹಿಟ್ಟನ್ನು ಬಿಟ್ಟೇ ಬಿಡುತ್ತಾರೆ. ಹಲವು ಮನೆಗಳಲ್ಲಿ ಈ ಮಿತಿ ಸಡಿಲವಾಗಿದೆ ಎಂಬುದೂ ನಿಜ, ಅದನ್ನು ಹಿರಿಯರು ಒಪ್ಪಿಕೊಳ್ಳಬೇಕು. ಆದರೆ ಗಂಟೆಗಳ ಲೆಕ್ಕದಲ್ಲಿ ಮಿತಿ ಇಡುವ ಆಹಾರಕ್ಕೂ, ಮೂರು ವರ್ಷ ಹುಳಿಸಿ ಮತ್ತು ಬರಿಸುವ ಪಾನೀಯಕ್ಕೂ ಒಂದೇ ತಕ್ಕಡಿ ಆಗುವುದಿಲ್ಲ. ಇಡ್ಲಿ ತಿಂದು ಯಾರೂ ದಾರಿ ತಪ್ಪಿಲ್ಲ.

ಬಿಯರ್ ಸಸ್ಯಾಹಾರವಲ್ಲವೇ ಎಂಬುದು ಎರಡನೆಯದು. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿ ಕೊಳ್ಳುವ ಅಭ್ಯಾಸ ಜೈನರಿಗೆ ಇದೆ. ಆದರೆ ಹಸಿರು ಮತ್ತು ಕಂದು ಚಿಹ್ನೆಯ ಆ ನಿಯಮ ಮದ್ಯಕ್ಕೆ ಅನ್ವಯವಾಗುವುದಿಲ್ಲ. ಬಿಯರನ್ನು ತಿಳಿಯಾಗಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿಂಗ್ಲಾಸ್ ಎಂಬ ವಸ್ತುವನ್ನು ಬಳಸುವ ಪದ್ಧತಿ ವಿದೇಶಗಳಲ್ಲಿ ಹಳೆಯದು. ಐರ್ಲೆಂಡಿನ ಪ್ರಸಿದ್ಧ ಗಿನ್ನೆಸ್ ಕಂಪನಿ ಅದನ್ನು ಕೈಬಿಟ್ಟದ್ದು ತೀರ ಇತ್ತೀಚೆಗೆ. ಕೆಲವು ಬಿಯರುಗಳಲ್ಲಿ ಜೇನುತುಪ್ಪ ಸೇರುತ್ತದೆ. ಮದ್ಯವೂ ಮಧುವೂ ಒಂದೇ ಗ್ಲಾಸಿನಲ್ಲಿ ಬಂದಂತಾಯಿತು.

ಮೂರನೆಯದು ಆಲ್ಕೋಹಾಲ್ ಇಲ್ಲದ ಬಿಯರ್. ನಮ್ಮ ದೇಶದ ಆಹಾರ ನಿಯಮದಲ್ಲಿ ಶೇಕಡಾ 0.5ಕ್ಕಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಮಾತ್ರ ಅದು ಮದ್ಯ. ಅದಕ್ಕಿಂತ ಕಡಿಮೆ ಎಂದರೆ ಏನೂ ಇಲ್ಲ ಎಂದು ಅರ್ಥವಲ್ಲ. ಇವುಗಳಲ್ಲಿ ಹಲವನ್ನು ಮೊದಲು ಬಿಯರಿನಂತೆಯೇ ಹುದುಗಿಸಿ ಆಮೇಲೆ ಆಲ್ಕೋಹಾಲ್ ತೆಗೆಯುತ್ತಾರೆ. ಕಾನೂನಿಗೆ ಅದು ಸರಿಯಿರಬಹುದು. ವ್ರತಕ್ಕೆ ಸರಿಯಾಗುವುದಿಲ್ಲ. ನಿಂಬೆ ಷರಬತ್ತು, ಎಳನೀರು ಎಲ್ಲ ಕಡೆ ಸಿಗುವಾಗ ಬಿಯರಿನ ಹೆಸರೇ ಯಾಕೆ ಬೇಕು ಎಂದು ಕೇಳಿಕೊಂಡರೆ ಉತ್ತರ ತಾನಾಗಿ ಬರುತ್ತದೆ.

ನಾಲ್ಕನೆಯದು ಅತಿ ಕಷ್ಟದ್ದು. ಕುಡಿಯುವುದಿಲ್ಲ, ಆಫೀಸಿನವರ ಜೊತೆ ನೋಡಲು ಮಾತ್ರ ಹೋದರೆ ತಪ್ಪೇ? ಧಾನ್ಯ ಸಕ್ಕರೆಯಾಗುವುದನ್ನು ಕಣ್ಣಿಂದ ನೋಡಿದರೆ ವ್ರತ ಮುರಿಯುವುದಿಲ್ಲ. ಆದರೆ ಇಂಥ ಭೇಟಿಗಳ ಏರ್ಪಾಟು ಹೇಗಿದೆ ಎಂದು ನೋಡಬೇಕು. ಪಾತ್ರೆ ತೋರಿಸಿ, ಪೀಪಾಯಿ ತೋರಿಸಿ, ಕೊನೆಗೆ ರುಚಿ ನೋಡುವ ಗ್ಲಾಸುಗಳ ಮುಂದೆ ಕೂರಿಸುತ್ತಾರೆ. ಹತ್ತು ಜನರ ನಡುವೆ ಒಬ್ಬನೇ ಬೇಡ ಎನ್ನಲು ಗಟ್ಟಿತನ ಬೇಕು. ಇದು ಔಷಧದ ಹಾಗೆ ಒಂದು ಗುಟುಕು ಎನ್ನುವವರೂ ಇರುತ್ತಾರೆ. ಅಂಥವರಿಗೆ, ಮದ್ಯದಲ್ಲಿ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದ್ದನ್ನು ನೆನಪಿಸಬಹುದು. ಮದ್ಯಪಾನ ಕ್ಯಾನ್ಸರ್ ತರುತ್ತದೆ ಎಂದು ಅದೇ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಹೇಳಿತ್ತು. ತನ್ನ ಮೇಲೆ ಭರವಸೆ ಇಲ್ಲದವರು ಹೋಗದಿರುವುದೇ ಲೇಸು. ಹೋಗಬೇಕಾಗಿ ಬಂದವರು ಮೊದಲೇ ಹೇಳಿಬಿಡುವುದು ಸುಲಭ. ಊಟಕ್ಕೆ ಬರುತ್ತೇನೆ, ಗ್ಲಾಸಿಗೆ ಇಲ್ಲ ಎಂದು ಒಮ್ಮೆ ಹೇಳಿದರೆ ಎರಡನೆಯ ಸಲ ಯಾರೂ ಒತ್ತಾಯ ಮಾಡುವುದಿಲ್ಲ. ಬೆಳ್ಳುಳ್ಳಿ, ಆಲೂಗಡ್ಡೆ ಬೇಡ ಎಂದು ಹೇಳಲು ನಾಚದ ಮಕ್ಕಳು ಇದಕ್ಕೆ ಯಾಕೆ ನಾಚಬೇಕು?

ಹಿರಿಯರ ಖಾತೆಯನ್ನೂ ತೆಗೆಯಬೇಕು

ಮಕ್ಕಳಿಗೆ ಹೇಳುವ ಮೊದಲು ಹಿರಿಯರು ತಮ್ಮ ಲೆಕ್ಕ ನೋಡಿಕೊಳ್ಳಬೇಕು. ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಉದ್ಯೋಗಗಳಲ್ಲಿ ರಸವಾಣಿಜ್ಯವೂ ಒಂದು. ಮದ್ಯದ ವ್ಯಾಪಾರ ಅದರಲ್ಲಿ ಸೇರಿದೆ. ನೇರವಾಗಿ ಮದ್ಯ ಮಾರುವ ಜೈನರು ಈ ಭಾಗದಲ್ಲಿ ಸಿಗಲಿಕ್ಕಿಲ್ಲ. ಆದರೆ ಹೆದ್ದಾರಿಯ ಬದಿಯ, ಪೇಟೆಯ ಚೌಕದ ಮಳಿಗೆಯನ್ನು ಬಾರಿಗೆ ಬಾಡಿಗೆ ಕೊಡಬೇಕೇ ಎಂಬ ಪ್ರಶ್ನೆ ಯಾವ ವ್ಯಾಪಾರಿಗೂ ಎದುರಾಗಬಹುದು. ಬಾರಿನವರು ಹೆಚ್ಚು ಬಾಡಿಗೆ ಕೊಡುತ್ತಾರೆ, ತಿಂಗಳು ತಪ್ಪಿಸುವುದಿಲ್ಲ. ಆ ಬಾಡಿಗೆಯಲ್ಲಿ ಓದಿದ ಮಗ ಬೆಂಗಳೂರಿನಲ್ಲಿ ಗ್ಲಾಸು ಹಿಡಿದರೆ ಅವನಿಗೆ ಹೇಳಲು ತಂದೆಗೆ ಮಾತು ಉಳಿಯುವುದಿಲ್ಲ.

ಗೋವಿನಜೋಳದ ವಿಷಯ ಇದಕ್ಕಿಂತ ಬೇರೆ. ಹಾವೇರಿ ಜಿಲ್ಲೆಯ ಹೊಲಗಳಲ್ಲಿ ಅದು ದೊಡ್ಡ ಬೆಳೆ. ಅಡತಿ ಅಂಗಡಿಯಿಂದ ಹೋದ ಕಾಳು ಕೋಳಿ ಆಹಾರಕ್ಕೂ, ಪಿಷ್ಟದ ಕಾರ್ಖಾನೆಗೂ, ಪೆಟ್ರೋಲಿಗೆ ಬೆರೆಸುವ ಎಥನಾಲಿಗೂ, ಕೆಲವು ಅಗ್ಗದ ಬಿಯರುಗಳಿಗೂ ಹೋಗುತ್ತದೆ. 2025-26ಕ್ಕೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಆ ಬೆಲೆ ಕೈಗೆ ಸಿಗಲಿ ಎಂದು ರೈತರು ಹೋರಾಡುವಾಗ ಕಾಳು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ಅವರಿಗೆ ಸಾಧ್ಯವಿಲ್ಲ. ಕಾಳು ಮಾರುವವನ ಉದ್ದೇಶ ಕಾಳು ಮಾರುವುದು. ತಿಳಿದೂ ತಿಳಿದೂ ಮದ್ಯದಂಗಡಿಗೆ ಜಾಗ ಕೊಡುವವನ ಉದ್ದೇಶ ಬೇರೆ. ಈ ಎರಡರ ನಡುವಿನ ಅಂತರ ಸ್ಪಷ್ಟವಿರಬೇಕು. ಇಲ್ಲದಿದ್ದರೆ ಎಲ್ಲರೂ ಒಂದೇ ಎಂದು ಹೇಳಿ ತಪ್ಪಿಸಿಕೊಳ್ಳಲು ದಾರಿಯಾಗುತ್ತದೆ.

ಸಮಾಜ ಮಾಡಬಹುದಾದದ್ದು

ದಂಡ ಹಾಕುವುದರಿಂದ, ಬಸದಿಯ ಸಭೆಯಲ್ಲಿ ಹೆಸರು ಹಿಡಿದು ಕರೆಯುವುದರಿಂದ ಆಗುವ ಕೆಲಸ ಇದಲ್ಲ. ಹಾಗೆ ಮಾಡಿದರೆ ಫೋಟೋ ಕಳಿಸುವುದು ನಿಲ್ಲುತ್ತದೆ, ಕುಡಿಯುವುದು ನಿಲ್ಲುವುದಿಲ್ಲ.

ಪಾಠಶಾಲೆಗಳಲ್ಲಿ ಮದ್ಯ ಕೆಟ್ಟದ್ದು ಎಂದು ಬಾಯಿಪಾಠ ಮಾಡಿಸುವ ಜೊತೆಗೆ ಮದ್ಯ ಹೇಗೆ ತಯಾರಾಗುತ್ತದೆ ಎಂಬುದನ್ನು ಒಂದು ತಾಸು ವಿವರಿಸಬೇಕು. ಸಮಾಜದ ವಿಜ್ಞಾನ ಶಿಕ್ಷಕರು ಈ ಪಾಠ ಮಾಡಬಹುದು, ಬಳಿಕ ತ್ಯಾಗಿಗಳು ಶಾಸ್ತ್ರದ ಮಾತು ಹೇಳಬಹುದು. ಚಾತುರ್ಮಾಸದಲ್ಲಿ ಊರಿಗೆ ಬರುವ ಯುವಕ ಯುವತಿಯರಿಗೆ ಪ್ರಶ್ನೆ ಕೇಳಲು ಪ್ರತ್ಯೇಕ ಸಮಯ ಇಡಬಹುದು. ಹುಡುಗರಿಗೆ ಮಾತ್ರ ಎಂದು ತಿಳಿಯಬಾರದು, ನೌಕರಿಯಲ್ಲಿರುವ ಹೆಣ್ಣುಮಕ್ಕಳೂ ಅದೇ ಮೇಜಿನ ಮುಂದೆ ಕೂರುತ್ತಿದ್ದಾರೆ. ಬೆಂಗಳೂರು, ಹುಬ್ಬಳ್ಳಿಯಲ್ಲಿ ಇರುವ ಈ ನಾಲ್ಕು ತಾಲ್ಲೂಕಿನ ಮಕ್ಕಳು ತಿಂಗಳಿಗೊಮ್ಮೆ ಒಂದು ಬಸದಿಯಲ್ಲಿ ಸೇರಿ ಸೂರ್ಯಾಸ್ತಕ್ಕೆ ಮುಂಚೆ ಒಟ್ಟಿಗೆ ಊಟ ಮಾಡುವ ವ್ಯವಸ್ಥೆ ಆದರೆ, ಶನಿವಾರ ಹೋಗಲು ಬೇರೆ ಜಾಗ ಇಲ್ಲ ಎಂಬ ಮಾತು ತಪ್ಪುತ್ತದೆ.

ಒಮ್ಮೆ ಎಡವಿದವರಿಗೂ ಬಾಗಿಲು ತೆರೆದಿರಬೇಕು. ಪ್ರಾಯಶ್ಚಿತ್ತ ಎಂಬುದು ಇರುವುದೇ ಅದಕ್ಕಾಗಿ. ಮತ್ತೆ ನಿಯಮ ತೆಗೆದುಕೊಂಡು ನಡೆಯುವವನನ್ನು ಹಳೆಯ ಮಾತೆತ್ತಿ ಚುಚ್ಚುವುದು ಕೂಡ ಹಿಂಸೆಯೇ.

ಮುಂದಿನ ಸಲ ಮೊಬೈಲಿಗೆ ಪೀಪಾಯಿಯ ಫೋಟೋ ಬಂದಾಗ ಮನೆಯವರು ಸುಮ್ಮನಾಗಬಾರದು. ಅಲ್ಲಿ ಏನು ತೋರಿಸಿದರು, ಹೇಗೆ ಮಾಡುತ್ತಾರೆ, ನೀನು ಏನು ತಿಂದೆ ಎಂದು ಕೇಳಬೇಕು. ಅದರಲ್ಲಿ ಯಾವ ಯಾವ ಜೀವಗಳಿವೆ ಎಂದು ಅವರೇ ಹೇಳಿದರಾ ಎಂದೂ ಕೇಳಬೇಕು. ಮಗ ವಿವರಿಸಲು ಆರಂಭಿಸಿದರೆ ಅರ್ಧ ಕೆಲಸ ಆದಂತೆ. ಉಳಿದರ್ಧವನ್ನು ಅವನು ತಾನೇ ಯೋಚಿಸುತ್ತಾನೆ.

ಜೈ ಜಿನೇಂದ್ರ.